ಗೋದಾವರಿಬಾಯಿ ಹಾಕಿದ ಪಾಳಿ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಔರಂಗಾಬಾದಿನ ಸಿಡ್ಕೊ ಬಡಾವಣೆಯ ಸಣ್ಣ ಮನೆಯ ಪಡಸಾಲೆಯಲ್ಲಿ ಜೋಕಾಲಿಯೊಂದು ಮೆಲ್ಲಗೆ ಕಿರುಗುಡುತ್ತಿದೆ. ಅದರ ಮೇಲೆ ಕಾಲು ಮಡಚಿ, ಕಣ್ಣು ಮುಚ್ಚಿ, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿರುವವರು ಪ್ರೊಫೆಸರ್ ಗೋದಾವರಿ ಕಟಗೇರಿ. ಸಂಶೋಧಕರು ಕೆಲಸದಲ್ಲಿ ಮುಳುಗಿರುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಲೇಖನಕ್ಕಾಗಿ ಹಟ ಹಿಡಿದು ಇಷ್ಟು ಬೇಗ ಬಂದಿದ್ದೇನೆ. ಕಂಪ್ಯೂಟರಿನ ಮೇಲಿನ ಕಸೂತಿ ಹೊದಿಕೆಯನ್ನು ಯಾರೂ ಸರಿಸಿಲ್ಲ. ಪೆನ್ನಿಲ್ಲ, ಕಾಗದವಿಲ್ಲ, ಜೋಕಾಲಿ ಮಾತ್ರ ಹೋಗುತ್ತದೆ, ಬರುತ್ತದೆ.

ಚಹಾ ತಂದಿಟ್ಟ ತಾಯಿ ಮನೋರಮಾಬಾಯಿಗೆ ನನ್ನ ಮುಖದ ಮೇಲಿನ ಅನುಮಾನ ಗೊತ್ತಾಗುತ್ತದೆ. ಎಂಬತ್ತು ದಾಟಿದ ಅವರು ದನಿ ತಗ್ಗಿಸಿ, “ಮಂದಿ ನೋಡಿದ್ರ ಪ್ರೊಫೆಸರು ನಿದ್ದಿ ಹೊಡೀಲಿಕತ್ತಾಳ ಅಂತಾರ. ಅಕಿ ಕೆಲಸ ಇದ ನೋಡ್ರಿ, ಸಣ್ಣಾಕಿ ಇದ್ದಾಗಿಂದ,” ಎನ್ನುತ್ತಾರೆ.

ಜೋಕಾಲಿಯ ಮೇಲೆ ಗೋದಾವರಿಬಾಯಿ ಈಗ ಹುಡುಕುತ್ತಿರುವುದು ಒಂದು ಸಂಜೆಯನ್ನು. ನಾಸಿಕದ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಮುದ್ದಣ್ಣನಿಗೆ ಗಣೇಶ ಚೌತಿಯ ಸಂಜೆ ಬಿಡುವು ಬೇಕು. ಅಂದು ಅಲ್ಲಿನ ಕನ್ನಡ ಸಂಘದ ತಾಳಮದ್ದಳೆಯಲ್ಲಿ ಅವನು ಮದ್ದಳೆ ನುಡಿಸಬೇಕು. ದೀಪಾವಳಿಯ ನಂತರ ಅವನು ಕೆಲಸ ಬಿಟ್ಟು ಕುಂದಾಪುರದ ಕಡೆಯ ತನ್ನೂರಿಗೆ ಹೊರಡುವವನು. ಹಾಗಾಗಿ ನಾಸಿಕದಲ್ಲಿ ಇದೇ ಅವನ ಕೊನೆಯ ಚೌತಿ. ಆದರೆ ಈ ವರ್ಷ ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳ, ಕೊನೆಯ ಪರ್ವಸ್ನಾನ ಬಿದ್ದಿರುವುದು ಚೌತಿಯ ಮಾರನೆಯ ದಿನವೇ. ಊರಿಗೆ ಊರೇ ಹಸಿದುಕೊಂಡು ಬರುವ ಹೊತ್ತಿಗೆ ಅಡುಗೆಮನೆಯಿಂದ ಒಬ್ಬನನ್ನು ಬಿಡಿಸಿ ಕಳಿಸುವುದು ಹೇಗೆ? ಪಾಳಿ ಹಾಕುವ ಯಂತ್ರ ವಾರದಿಂದ ‘ಉತ್ತರವಿಲ್ಲ’ ಎನ್ನುತ್ತಿದೆ, ಗೋದಾವರಿಬಾಯಿ ಒಪ್ಪುತ್ತಿಲ್ಲ.

ಒಬ್ಬ ಅಡುಗೆಯವನ ಒಂದು ಸಂಜೆಗಾಗಿ ಪ್ರೊಫೆಸರೊಬ್ಬರು ಹೀಗೆ ನಸುಕಿನಲ್ಲಿ ಎದ್ದು ಕೂರುವುದು ನನಗೆ ಮೊದಲು ವಿಚಿತ್ರವೆನಿಸಿತು. ಆಮೇಲೆ ತಿಳಿಯಿತು, ಇವರ ಸಂಶೋಧನೆಯ ಅರ್ಧ ಆಯುಷ್ಯ ಕಳೆದದ್ದೇ ಈ ಮುದ್ದಣ್ಣನ ಹಿಂದೆ.

ಇವರ ವಿಷಯಕ್ಕೆ ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್ ಎಂದು ಹೆಸರು. ಹೆಸರು ಕೇಳಿ ಹೆದರಬೇಕಿಲ್ಲ, ನಾನೂ ಹೆದರಿದ್ದೆ. ಷರತ್ತುಗಳ ಲೆಕ್ಕ ಎಂದುಕೊಂಡರೆ ಸಾಕು. ಇಂಥವರು ಇಂಥ ಹೊತ್ತಿಗೆ ಬರಬಾರದು, ಇವರಿಬ್ಬರು ಒಟ್ಟಿಗೆ ರಜೆ ಹಾಕಬಾರದು, ಸಂಜೆ ದುಡಿದವರನ್ನು ಮಾರನೆಯ ನಸುಕಿನಲ್ಲಿ ಕರೆಯಬಾರದು ಎಂದೆಲ್ಲ ಷರತ್ತುಗಳನ್ನು ಕೊಟ್ಟರೆ, ಎಲ್ಲವೂ ಕೂಡಿಬರುವ ಏರ್ಪಾಡನ್ನು ಯಂತ್ರ ಹುಡುಕಿಕೊಡಬೇಕು. ಆಸ್ಪತ್ರೆಯ ನರ್ಸುಗಳ ಪಾಳಿ, ಕಾಲೇಜಿನ ವೇಳಾಪಟ್ಟಿ, ಪರೀಕ್ಷೆಯ ಕೊಠಡಿ, ಎಲ್ಲಕ್ಕೂ ಇದೇ ಲೆಕ್ಕ. ಸಾಧ್ಯವಿರುವ ಜೋಡಣೆಗಳು ಎಷ್ಟಿರುತ್ತವೆಂದರೆ ಒಂದೊಂದನ್ನೇ ನೋಡುತ್ತ ಕೂತರೆ ಯಂತ್ರಕ್ಕೂ ಮುಪ್ಪು ಬರುತ್ತದೆ. ಬೇಡವಾದದ್ದನ್ನು ಬೇಗ ಬಿಟ್ಟುಬಿಡುವ ಉಪಾಯ ಹುಡುಕುವುದೇ ಇವರ ಕೆಲಸ.

“ಅಕ್ಕಿ ಆರಿಸಿದಂಗರಿ,” ಎನ್ನುತ್ತಾರೆ ಗೋದಾವರಿಬಾಯಿ, ಕಣ್ಣು ತೆರೆದು ಚಹಾದ ಬಟ್ಟಲು ಎತ್ತಿಕೊಳ್ಳುತ್ತ. “ಅಕ್ಕಿ ಯಾರೂ ಹುಡುಕೂದಿಲ್ಲ. ಹಳ್ಳು ಹುಡುಕಿ ತಗೀತೇವಿ, ಉಳಿದದ್ದು ಅಕ್ಕಿ. ನಮ್ಮ ಉತ್ತರಾನೂ ಹಂಗ.”

ಅವರು ಹುಟ್ಟಿದ್ದು ನಾಸಿಕದಲ್ಲಿ. ತಂದೆ ಬಾಗಲಕೋಟೆಯ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರ. ಹೊಸ ಊರಿನ ಹೊಳೆಯ ಹೆಸರನ್ನೇ ಮಗಳಿಗಿಟ್ಟರು. ಮನೆಯಲ್ಲಿ ಬಾಗಲಕೋಟೆಯ ಕನ್ನಡ, ಹೊರಗೆ ಮರಾಠಿ, ಶಾಲೆಯಲ್ಲಿ ಹಿಂದಿ. ಭಾನುವಾರದ ನಾಷ್ಟಾ ಮಾತ್ರ ಪಂಚವಟಿ ದಾರಿಯ ‘ಅನ್ನಪ್ರಸಾದ’ ಹೋಟೆಲಿನಲ್ಲಿ. ಕುಂದಾಪುರದ ಕಿಟ್ಟಣ್ಣ ಆಗಿನ್ನೂ ಅಲ್ಲಿ ಅಡುಗೆಯವ, ಹೋಟೆಲಿನ ಒಡೆಯನಾದದ್ದು ಆಮೇಲೆ. ಸಣ್ಣ ಗೋದಾವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಹೇಗೆ ತಿರುಗುತ್ತಾರೆ ಎಂದು ನೋಡುತ್ತಿದ್ದರಂತೆ. ಇಡ್ಲಿ ಆರಿಹೋಗುತ್ತಿತ್ತು ಎಂಬುದು ತಾಯಿಯ ದೂರು. ಕನಸಿನಲ್ಲೂ ಆ ಅಡುಗೆಮನೆ ಬರುತ್ತಿತ್ತು, ಹಬೆಯೊಳಗೆ ಬಿಳಿ ಬನಿಯನ್ನುಗಳು ಈಜುತ್ತಿದ್ದವು ಎಂದು ಅವರೇ ಹೇಳುತ್ತಾರೆ. ಈಗಲೂ ಬರುತ್ತದಂತೆ.

ಓದು ಮುಗಿಸಿ ಔರಂಗಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕಿಯಾದರು. ಪಾಠ ಹೇಳುತ್ತಲೇ ಪಿಎಚ್‌ಡಿ ಮಾಡಿದರು. ಆ ಪ್ರಬಂಧದಲ್ಲಿ ಅವರು ಕಟ್ಟಿದ ಪಾಳಿ ಹಾಕುವ ವಿಧಾನ ಬಹಳ ಚುರುಕಾಗಿತ್ತು. ಬೇರೆಯವರ ಯಂತ್ರ ಅರ್ಧ ದಿನ ತಡಕಾಡುವಲ್ಲಿ ಇವರದು ಚಹಾ ಕುದಿಯುವಷ್ಟರಲ್ಲಿ ಮುಗಿಸುತ್ತಿತ್ತು. ಹೊರದೇಶದ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು, ಸಮ್ಮೇಳನಗಳಿಂದ ಕರೆ ಬಂದವು. 2005ರಲ್ಲಿ ಅವರು ಅದನ್ನು ಮೊದಲು ಉಡುಗೊರೆ ಕೊಟ್ಟದ್ದು ಅನ್ನಪ್ರಸಾದಕ್ಕೆ. ಆಗಲೇ ಕಿಟ್ಟಣ್ಣ ಗಲ್ಲಾದ ಮೇಲೆ ಕೂತಿದ್ದರು. ವಾರವಾರವೂ ಪಾಳಿ ಹಾಕುವಾಗ ಕೆಲಸಗಾರರ ಜೊತೆ ಆಗುವ ಜಗಳ ಅವರ ರಕ್ತದೊತ್ತಡ ಏರಿಸುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಜಗಳ ನಿಂತೇಹೋಯಿತು. ಎಲ್ಲರಿಗೂ ಖುಷಿಯೋ ಖುಷಿ.

ಮರುವರ್ಷ ಗಣಪತಿ ಹಬ್ಬಕ್ಕೆ ಗೋದಾವರಿಬಾಯಿ ನಾಸಿಕಕ್ಕೆ ಹೋದಾಗ ತಾಳಮದ್ದಳೆಯಲ್ಲಿ ಮದ್ದಳೆಯೇ ಇರಲಿಲ್ಲ. ಭಾಗವತರು ಬರಿಯ ತಾಳದ ಮೇಲೆ ಹಾಡಿ ಮುಗಿಸಿದರು. ಅನ್ನಪ್ರಸಾದದ ಮುದ್ದಣ್ಣನೆಲ್ಲಿ, ಪ್ರತಿವರ್ಷ ಅವನೇ ನುಡಿಸುತ್ತಿದ್ದನಲ್ಲ ಎಂದು ಕೇಳಿದರೆ, ಅವನಿಗೆ ಯಾವಾಗಲೂ ನಸುಕಿನ ಪಾಳಿಯಲ್ಲವೇ, ಈ ಹೊತ್ತಿಗೆ ಮಲಗಿರುತ್ತಾನೆ, ಅಭ್ಯಾಸ ಬಿಟ್ಟು ಕಾಲವಾಯಿತು ಎಂದರು ಕಿಟ್ಟಣ್ಣ. ಯಾವಾಗಲೂ ಹೇಗಾಗುತ್ತದೆ, ಯಂತ್ರಕ್ಕೆ ತನ್ನವರು ಪರರೆಂಬುದಿಲ್ಲ ಎಂದು ಇವರು ನಕ್ಕುಬಿಟ್ಟರು. ಮಾರನೆಯ ಬೆಳಿಗ್ಗೆ ಹೋಟೆಲಿನ ಹಿತ್ತಲಲ್ಲಿ ಮುದ್ದಣ್ಣನನ್ನೇ ಕಂಡು, ನೀವು ಒಂದು ಮಾತೂ ಕೇಳಲಿಲ್ಲವೇಕೆ ಎಂದರು.

“ಧಣಿ ಹಾಕಿದ್ರೆ ಜಗಳ ಮಾಡ್ಲಕ್ಕಿತ್ತ್ ಅಮ್ಮ,” ಎಂದನಂತೆ ಮುದ್ದಣ್ಣ. “ಮಿಷಿನಿನ ಹತ್ರ ಎಂತ ಜಗಳ ಮಾಡುದ್?”

ಆ ದಿನ ಔರಂಗಾಬಾದಿಗೆ ಮರಳುವ ತಪೋವನ ಎಕ್ಸ್‌ಪ್ರೆಸ್ಸಿನ ಕಿಟಕಿಯ ಪಕ್ಕ ಕೂತು ಅವರು ಕಣ್ಣು ಮುಚ್ಚಿದರು. ಲಾಸಲಗಾಂವ್ ದಾಟುವಾಗ ಈರುಳ್ಳಿಯ ಘಾಟು ಒಳಗೆ ನುಗ್ಗಿತು, ಪಕ್ಕದವರು ಕಿಟಕಿ ಮುಚ್ಚಿ ಅಂದರು, ಇವರಿಗೆ ಕೇಳಿಸಲಿಲ್ಲ. ದೌಲತಾಬಾದಿನ ಕೋಟೆಯ ಗುಡ್ಡ ಕಾಣುವ ಹೊತ್ತಿಗೆ ತಪ್ಪು ಸಿಕ್ಕಿತ್ತು. ತಮ್ಮ ಕೈಯಾರೆ ಬರೆದ ಒಂದೇ ಒಂದು ಸಾಲು.

ಅದನ್ನು ಅವರು ನನಗೆ ಜೋಕಾಲಿಯ ಮೇಲೆ ಕೂತೇ ತಿಳಿಸಿ ಹೇಳುತ್ತಾರೆ. ಒಂದೇ ಕೆಲಸ ಬಲ್ಲ ಇಬ್ಬರಿದ್ದಾರೆ ಎನ್ನಿ, ಮುದ್ದಣ್ಣ ಮತ್ತು ಅದೇ ಅಡುಗೆಮನೆಯ ಸ್ವರೂಪ್. ಇಬ್ಬರಲ್ಲಿ ಯಾರನ್ನು ನಸುಕಿಗೆ, ಯಾರನ್ನು ಮಧ್ಯಾಹ್ನಕ್ಕೆ ಹಾಕಿದರೂ ಲೆಕ್ಕಕ್ಕೆ ಒಂದೇ. ಒಂದನ್ನು ನೋಡಿದ ಮೇಲೆ ಅದನ್ನೇ ತಿರುವುಮುರುವು ಮಾಡಿ ಇನ್ನೊಮ್ಮೆ ನೋಡುವುದು ದಂಡ. ಅದಕ್ಕೆ ಈ ವಿದ್ಯೆಯವರೆಲ್ಲ ಒಂದು ಉಪಾಯ ಮಾಡುತ್ತಾರೆ: ಸರಿಸಮಾನರಲ್ಲಿ ಪಟ್ಟಿಯಲ್ಲಿ ಮೇಲಿರುವವನೇ ಮೊದಲ ಪಾಳಿಗೆ, ಅಂದರೆ ನಸುಕಿಗೆ, ಎಂದು ಬರೆದುಬಿಡುತ್ತಾರೆ. ಹುಡುಕಾಟ ಎಷ್ಟೋ ಕಡಿಮೆಯಾಗುತ್ತದೆ. ಇವರ ಯಂತ್ರದ ಚುರುಕು ಬಂದದ್ದೂ, ಹೊರದೇಶದವರು ತಲೆದೂಗಿದ್ದೂ ಇದೇ ಸಾಲಿಗೆ. ಇನ್ನು ಪಟ್ಟಿಯಲ್ಲಿ ಮೊದಲ ಹೆಸರು ಯಾರದು? ಮುದ್ದಣ್ಣ ವಯಸ್ಸಿನಲ್ಲಿ ಹಿರಿಯ. ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಎಲ್ಲೇ ಹೆಸರು ಬರೆಯಲಿ, ಹಿರಿಯರದು ಮೊದಲು. ಗೋದಾವರಿಬಾಯಿಯೂ ಯೋಚನೆಯೇ ಇಲ್ಲದೆ ಅವನ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದಿದ್ದರು.

“ಗೌರವಾ ಕೊಡಾಕ ಹೋಗಿ ಅವನ ಸಂಜೀ ಎಲ್ಲಾ ಕಸಕೊಂಡೆ,” ಎನ್ನುವಾಗ ಅವರ ಕಾಲು ನೆಲಕ್ಕೆ ತಾಗಿ ಜೋಕಾಲಿ ನಿಲ್ಲುತ್ತದೆ. “ಲೆಕ್ಕದಾಗ ಇಬ್ಬರೂ ಒಂದ. ಖರೇ. ಆದ್ರ ನಸುಕಿನಾಗ ಏಳಾವ ಒಬ್ಬನ ಅಲ್ಲೇನ್ರಿ? ಅಂವಗ ಹೆಸರದ, ಮದ್ದಳಿ ಅದ.”

ಆ ಸಾಲನ್ನು ಕಿತ್ತುಹಾಕಿದ ಕೂಡಲೇ ಯಂತ್ರ ಎಮ್ಮೆಯಾಯಿತು. ಒಂದು ವಾರದ ಪಾಳಿ ಹಾಕಲು ವಾರವೇ ಬೇಕು ಎಂಬ ಹಾಗೆ ಕೂತುಬಿಟ್ಟಿತು. ಕಿಟ್ಟಣ್ಣ ಮತ್ತೆ ಕೈಯಿಂದ ಪಾಳಿ ಬರೆಯತೊಡಗಿದರು, ಜಗಳಗಳು ಮರಳಿದವು, ಮುದ್ದಣ್ಣನ ಸಂಜೆಗಳೂ ಮರಳಿದವು. ಗೋದಾವರಿಬಾಯಿ ತಮ್ಮ ತಪ್ಪನ್ನು ತಾವೇ ವಿವರಿಸಿ ಲೇಖನ ಬರೆದರು. ಪತ್ರಿಕೆಗಳು ಒಂದರ ಹಿಂದೊಂದು ಅದನ್ನು ಹಿಂದಿರುಗಿಸಿದವು. ಮೊದಲಿನ ವಿಧಾನಕ್ಕಿಂತ ನಿಧಾನವಾದದ್ದನ್ನು ಹೊಸ ಸಂಶೋಧನೆ ಎನ್ನುವುದು ಹೇಗೆ ಎಂದರು ಕೆಲವರು. ಸರಿಸಮಾನ ಎಂದ ಮೇಲೆ ಸರಿಸಮಾನವೇ, ಇದರಲ್ಲಿ ನ್ಯಾಯದ ಮಾತೆಲ್ಲಿ ಬಂತು ಎಂದು ಒಬ್ಬರು ಬರೆದರು. ಸಮ್ಮೇಳನಗಳ ಕರೆ ನಿಂತಿತು. ಜೊತೆಯವರು ದೊಡ್ಡ ಊರುಗಳ ದೊಡ್ಡ ಸಂಸ್ಥೆಗಳಿಗೆ ಹೋದರು. ಇವರು ಅದೇ ಕಾಲೇಜು, ಅದೇ ಜೋಕಾಲಿ. ಬೇಸರವಾಗಲಿಲ್ಲವೇ ಎಂದರೆ, ಆಯಿತು, ಬಹಳ ಆಯಿತು ಎನ್ನುತ್ತಾರೆ. ಒಂದು ವರ್ಷವಂತೂ ಕಂಪ್ಯೂಟರಿನ ಹೊದಿಕೆಯನ್ನೇ ತೆಗೆಯಲಿಲ್ಲವಂತೆ. ಆ ಹೊದಿಕೆಗೆ ಕಸೂತಿ ಹಾಕಿದ ತಾಯಿಯೇ ಕಡೆಗೆ ಗದರಿ ತೆಗೆಸಿದರು.

ಮುಂದಿನ ವರ್ಷಗಳನ್ನು ಅವರು ಕಳೆದದ್ದು ಒಂದೇ ಗುಂಗಿನಲ್ಲಿ. ಯಂತ್ರಕ್ಕೆ ನೆನಪು ಕೊಡಬೇಕು, ಹಿಂದಿನ ವಾರಗಳಲ್ಲಿ ಯಾರು ನಸುಕಿನಲ್ಲಿ ಎದ್ದರೆಂಬುದು ಅದಕ್ಕೆ ತಿಳಿದಿರಬೇಕು, ತಿಳಿದೂ ಅದು ಚುರುಕಾಗಿರಬೇಕು. ಒಂದು ಸಲ ಖುಲ್ತಾಬಾದಿನ ಉರುಸಿಗೆ ಹೋದವರು ದರ್ಗಾದ ಅಂಗಳದಲ್ಲಿ ಜನ ಸಾಲುಬಿಟ್ಟು ಸಾಲು ಸೇರುವುದನ್ನು ನೋಡುತ್ತ ನಿಂತು ಕೊನೆಯ ಬಸ್ಸು ತಪ್ಪಿಸಿಕೊಂಡರು. ಮಗಳು ಎಲ್ಲಿಗೆ ಹೋದರೂ ಅರ್ಧ ಮನಸ್ಸನ್ನು ಅಡುಗೆಮನೆಯಲ್ಲೇ ಬಿಟ್ಟುಹೋಗುತ್ತಾಳೆ ಎನ್ನುವ ಮನೋರಮಾಬಾಯಿ, ಯಾರ ಅಡುಗೆಮನೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹೋದ ವರ್ಷ ಅದು ಕೈಗೂಡಿತು. ಹೊಸ ವಿಧಾನ ಕಿಟ್ಟಣ್ಣನ ಹಳೆಯ ಕಂಪ್ಯೂಟರಿನಲ್ಲೂ ತಡವಿಲ್ಲದೆ ಓಡುತ್ತದೆ. ಈಗ ನಾಸಿಕ, ಔರಂಗಾಬಾದಿನ ಹಲವು ಹೋಟೆಲುಗಳಲ್ಲಿ, ಒಂದು ಆಸ್ಪತ್ರೆಯ ನರ್ಸುಗಳ ಕೋಣೆಯಲ್ಲಿ ಅದರದೇ ಪಾಳಿ. ಹಾಕಿದವರು ಯಾರೆಂದು ಅಲ್ಲಿನವರಿಗೆ ಗೊತ್ತಿಲ್ಲ. ಅದರಲ್ಲಿ ಒಂದು ವಿಶೇಷವಿದೆ. ಪ್ರತಿ ಹೆಸರಿನ ಪಕ್ಕ ‘ತಕರಾರು’ ಎಂಬ ಗುಂಡಿಯಿದೆ. ಒತ್ತಿದರೆ ನಿಮಗೆ ಈ ಪಾಳಿ ಏಕೆ ಬಂತೆಂದು ಯಂತ್ರ ಕಾರಣ ಹೇಳುತ್ತದೆ. ನಿಮ್ಮ ಕಷ್ಟ ತಿಳಿಸಿದರೆ ಲೆಕ್ಕ ಮತ್ತೆ ಹಾಕಿ ನೋಡುತ್ತದೆ. ಪಂಡಿತರ ಕಣ್ಣಿಗೆ ಅದು ಸಣ್ಣ ಸಂಗತಿ. ಗೋದಾವರಿಬಾಯಿಗೆ ಅದೇ ಪ್ರಾಣ. ನರ್ಸುಗಳು ದಿನಾ ಒತ್ತುತ್ತಾರೆ, ಸ್ವರೂಪನಂತೂ ಕಾರಣವಿಲ್ಲದೆಯೂ ಒತ್ತುತ್ತಾನೆ. ಯಾರಿಗಾಗಿ ಅದನ್ನು ಮಾಡಿದ್ದೋ ಆ ಮುದ್ದಣ್ಣ ಒಮ್ಮೆಯೂ ಮುಟ್ಟಿಲ್ಲ. ಚೌತಿಯ ಸಂಜೆ ಬೇಕೆಂದು ಕೂಡ ಅವನು ಕೇಳಿದವನಲ್ಲ, ಅವನ ಪರವಾಗಿ ಭಾಗವತರು ಹೇಳಿ ಕಳಿಸಿದ್ದು.

ಕಂಪ್ಯೂಟರಿನ ಹೊದಿಕೆ ಸರಿಸಿ ಅವರು ನನಗೆ ತೋರಿಸುತ್ತಾರೆ. ಪರ್ವಸ್ನಾನದ ನಸುಕಿಗೆ ಬಹಳ ಕೈಗಳು ಬೇಕು. ಅವರ ನಿದ್ದೆಗಾಗಿ ಹಿಂದಿನ ಸಂಜೆ ಅವರಿಗೆ ಕೆಲಸ ಹಾಕುವಂತಿಲ್ಲ. ಹಾಗಾದರೆ ಚೌತಿಯ ಸಂಜೆಗೆ ಉಳಿಯುವವರು ಕೆಲವರೇ, ದೋಸೆಕಲ್ಲಿನ ಮುಂದೆ ಒಬ್ಬ ಕಡಿಮೆ. ಕಿಟ್ಟಣ್ಣ ಫೋನಿನಲ್ಲಿ, ಒಂದು ದಿನ ನಿದ್ದೆಯ ಷರತ್ತು ತೆಗೆದುಬಿಡಿ ಎಂದರಂತೆ. ಭಾಗವತರು ಬೇರೆ ಮದ್ದಳೆಯವನನ್ನು ನೋಡುತ್ತೇವೆ ಎಂದರಂತೆ. ಗೋದಾವರಿಬಾಯಿ ಎರಡಕ್ಕೂ ತಲೆಯಾಡಿಸಲಿಲ್ಲ. ಷರತ್ತು ಮುರಿದು ಉತ್ತರ ತರುವುದು ಎಲ್ಲರಿಗೂ ಬರುತ್ತದೆ, ಅದಕ್ಕೆ ಪಿಎಚ್‌ಡಿ ಬೇಕಿಲ್ಲ ಎನ್ನುತ್ತಾರೆ. ಮತ್ತೆ ಜೋಕಾಲಿಗೆ ಮರಳಿ ಕಣ್ಣು ಮುಚ್ಚುತ್ತಾರೆ. ಕನಸಿನ ಆ ಹಳೆಯ ಅಡುಗೆಮನೆಗೆ ಹೋಗಿರಬೇಕು ಎಂದು ನನಗನಿಸುತ್ತದೆ. ಅಂಗಳದ ಬೇವಿನ ಮರದಲ್ಲಿ ಗಿಣಿಗಳು ಗಲಾಟೆ ಎಬ್ಬಿಸಿ ಹಾರಿಹೋಗುತ್ತವೆ. ಮನೋರಮಾಬಾಯಿ ಮತ್ತೊಂದು ಸುತ್ತು ಚಹಾ ಇಡುತ್ತಾರೆ.

“ಅಯ್ಯ, ಅಲ್ಲೊಬ್ರು ನಿಂತಾರಲ್ರಿ,” ಎನ್ನುತ್ತಾರೆ ಗೋದಾವರಿಬಾಯಿ, ಕಣ್ಣು ತೆರೆಯದೆಯೇ.

ಆ ಕನಸಿನ ಅಡುಗೆಮನೆಯಲ್ಲಿ ದೋಸೆಕಲ್ಲಿನ ಮುಂದೆ ಯಾವಾಗಲೂ ನಿಂತಿರುತ್ತಿದ್ದವರು ಕಿಟ್ಟಣ್ಣ. ಗಲ್ಲಾಕ್ಕೆ ಏರಿದ ಮೇಲೆ ಅವರು ಕೆಲಸಗಾರರ ಪಟ್ಟಿಯಲ್ಲೇ ಇಲ್ಲ. ಒಡೆಯರ ಹೆಸರನ್ನು ಪಾಳಿಗೆ ಹಾಕಬೇಕೆಂದು ಯಾರಿಗೂ, ಇವರಿಗೂ, ಹೊಳೆದಿರಲಿಲ್ಲ. ಗೋದಾವರಿಬಾಯಿ ಎದ್ದು ಹೋಗಿ ಪಟ್ಟಿಯ ಕೊನೆಯಲ್ಲಿ ಆ ಹೆಸರು ಸೇರಿಸುತ್ತಾರೆ. ಉತ್ತರ ತಟ್ಟನೆ ಬರುತ್ತದೆ. ನೋಡಿ ನನಗೇ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ.

ಒಪ್ಪುತ್ತಾರೆಯೇ ಎಂಬುದು ಮಾತ್ರ ಯಂತ್ರಕ್ಕೆ ಗೊತ್ತಿಲ್ಲದ ಷರತ್ತು. ಕಿಟ್ಟಣ್ಣನಿಗೆ ಫೋನು ಹೋಗುತ್ತದೆ. ಅವರು ವಿಷಯವನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಾರೆ. ಆಮೇಲೆ, “ನಂಗೆ ದೋಸೆ ಹುಯ್ಯುಕೆ ಮರ್ತೇ ಹೋಯ್ತೋ ಏನೋ ಗೋದಮ್ಮ. ಕಾಂಬ,” ಎನ್ನುತ್ತಾರೆ.

ಚೌತಿಯ ಸಂಜೆ ನಾನೂ ನಾಸಿಕದಲ್ಲಿದ್ದೇನೆ. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಡೆ ಗಣಪತಿಯನ್ನು ತರುವ ಮಕ್ಕಳು, ಇನ್ನೊಂದು ಕಡೆ ಗಂಟು ಹೊತ್ತು ಸ್ನಾನಘಟ್ಟದ ದಾರಿ ಹಿಡಿದ ಯಾತ್ರಿಕರು. ಅನ್ನಪ್ರಸಾದದ ಅಡುಗೆಮನೆಯಲ್ಲಿ ಕಿಟ್ಟಣ್ಣ ಅಂಗಿ ಕಳಚಿ, ತಲೆಗೆ ಟವೆಲು ಸುತ್ತಿ ನಿಂತಿದ್ದಾರೆ. ಮೊದಲ ದೋಸೆ ಹರಿಯಿತು, ಎರಡನೆಯದೂ ಹರಿಯಿತು, ಹುಡುಗರು ಮುಖ ತಿರುಗಿಸಿಕೊಂಡು ನಕ್ಕರು. ಆಮೇಲೆ ಕೈಗೆ ಹಳೆಯ ನೆನಪು ಬಂತು. ಬೀದಿಯಾಚೆಯ ಸಂಘದ ಚಪ್ಪರದಿಂದ ಮದ್ದಳೆಯ ಮೊದಲ ಪೆಟ್ಟು ಕೇಳಿದಾಗ ಅವರು ಸಟ್ಟುಗ ಹಿಡಿದ ಕೈಯನ್ನು ಅರೆಗಳಿಗೆ ಹಾಗೆಯೇ ನಿಲ್ಲಿಸಿಕೊಂಡರು.

ಚಪ್ಪರದಲ್ಲಿ ಗೋದಾವರಿಬಾಯಿ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಇಲ್ಲೂ ಕಣ್ಣು ಮುಚ್ಚಿದೆ, ಇಲ್ಲೂ ಸೆರಗಿನ ಚುಂಗು ಬೆರಳಿಗೆ ಸುತ್ತಿದೆ. ಮುದ್ದಣ್ಣನ ಕೈ ಮಳೆ ಹಿಡಿದ ಹಾಗೆ ಬೀಳುತ್ತದೆ, ಬಿಡುತ್ತದೆ. ತಾಳಮದ್ದಳೆ ಅರಿಯದ ಮರಾಠಿ ಮಂದಿಯೂ ದಾರಿಯಲ್ಲಿ ನಿಂತು ಕೇಳುತ್ತಿದ್ದಾರೆ. ಗೋದಾವರಿಬಾಯಿಯ ಕೆನ್ನೆ ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡದ ಹಾಗೆ ಕೂತೆ.

ಮಾರನೆಯ ದಿನ ಪರ್ವಸ್ನಾನ. ಕತ್ತಲಿರುವಾಗಲೇ ನಾವಿಬ್ಬರೂ ಅನ್ನಪ್ರಸಾದದ ಅಡುಗೆಮನೆಯ ಬಾಗಿಲಲ್ಲಿ ಕಾಫಿಗಾಗಿ ನಿಂತಿದ್ದೇವೆ. ಸಣ್ಣ ಗೋದಾವರಿ ನಿಂತು ನೋಡುತ್ತಿದ್ದ ಬಾಗಿಲು ಇದೇ ಇರಬೇಕು. ಒಳಗೆ ಹಬೆ, ಬಿಳಿ ಬನಿಯನ್ನುಗಳು, ಯಾರಿಗೂ ಯಾರೂ ಡಿಕ್ಕಿ ಹೊಡೆಯುತ್ತಿಲ್ಲ. ಮುದ್ದಣ್ಣನೂ ಬಂದಿದ್ದಾನೆ. ನಿನ್ನೆ ಬೇಗ ಮುಗಿಸಿ ಮಲಗಿದವನಿಗೆ ಇಂದು ನಸುಕಿನ ಪಾಳಿ, ದೋಸೆಕಲ್ಲಿನ ಮುಂದೆ. ಆದರೆ ಅವನು ಕಲ್ಲಿನ ಕಡೆ ಹೋಗದೆ ಗಲ್ಲಾದ ಪಕ್ಕದ ಕಂಪ್ಯೂಟರಿನ ಮುಂದೆ ಹೋಗಿ ನಿಲ್ಲುತ್ತಾನೆ. ಅತ್ತಿತ್ತ ನೋಡುತ್ತಾನೆ. ಮದ್ದಳೆ ಬಾರಿಸಿ ಊದಿದ ಬೆರಳಿನಿಂದ ತನ್ನ ಹೆಸರಿನ ಪಕ್ಕದ ಗುಂಡಿಯನ್ನು ಒತ್ತುತ್ತಾನೆ. ಕಷ್ಟವೇನೆಂದು ಬರೆಯಲು ಸ್ವರೂಪನನ್ನು ಕರೆಯುತ್ತಾನೆ.

“ಕೈ ಊದಿತ್, ಕಲ್ಲಿನ ಮುಂದೆ ನಿಲ್ಲುಕೆ ಆತಿಲ್ಲ, ಕಾಫಿ ಕೆಲಸ ಕೊಡ್ಲಿ ಅಂತ ಬರಿ,” ಎನ್ನುತ್ತಾನೆ. ಮತ್ತೆ ದನಿ ಏರಿಸಿ, “ಕೊಡ್ಲೇಬೇಕ್ ಅಂತ ಬರಿ,” ಎನ್ನುತ್ತಾನೆ.

ಯಂತ್ರ ಒಂದು ಗಳಿಗೆ ಯೋಚಿಸಿ ಇಬ್ಬರ ಕೆಲಸ ಅದಲುಬದಲು ಮಾಡುತ್ತದೆ. ಸ್ವರೂಪ್ ಗೊಣಗುತ್ತ ದೋಸೆಕಲ್ಲಿನ ಕಡೆ ನಡೆಯುತ್ತಾನೆ. ಮುದ್ದಣ್ಣ ತಾನೇ ಬೆರೆಸಿದ ಮೊದಲ ಎರಡು ಲೋಟ ಕಾಫಿಯನ್ನು ತಂದು ನಮ್ಮ ಕೈಗಿಡುತ್ತಾನೆ, ಏನೂ ಆಗದವನ ಹಾಗೆ ಒಳಗೆ ಹೋಗುತ್ತಾನೆ.

ಗೋದಾವರಿಬಾಯಿ ಕಾಫಿ ಕುಡಿಯುವುದನ್ನೇ ಮರೆತಿದ್ದಾರೆ. ಬದುಕಿನಲ್ಲಿ ಇನ್ನೇನು ಬಯಕೆ ಇದೆ ಎಂಬ, ಇಂಥ ಲೇಖನಗಳ ಕೊನೆಯಲ್ಲಿ ನಾವೆಲ್ಲ ಕೇಳುವ ಪ್ರಶ್ನೆಯನ್ನು ನಾನು ಈ ಹೊತ್ತಿಗೆಂದೇ ಇಟ್ಟುಕೊಂಡಿದ್ದೆ. ಕೇಳಲು ಅವರು ಬಿಡಲಿಲ್ಲ.

“ನೋಡಿದ್ರಿ?” ಎನ್ನುತ್ತಾರೆ ನನ್ನ ತೋಳು ಹಿಡಿದು. “ಮುದ್ದಣ್ಣ ಜಗಳಾ ಮಾಡಿದ.”